ಬಿಸಿಲಲ್ಲೇ ತಣ್ಣಗಾಗುವ ತಾರಸಿ

ಮಕ್ಕಳೇ, ಮಾಗಿಯ ಒಂದು ದಿನ ಬೆಳಿಗ್ಗೆ ಬೇಗ ಎದ್ದು ಬೀದಿಗೆ ಬಂದು ನೋಡಿ. ಬಯಲಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟು ಇಬ್ಬನಿಯಿಂದ ತೊಯ್ದಿರುತ್ತದೆ. ಅದೇ ಬೀದಿಯಲ್ಲಿ ಹೊಂಗೆ ಮರದ ಕೆಳಗೆ ನಿಲ್ಲಿಸಿದ ಸ್ಕೂಟರಿನ ಸೀಟು ಹೆಚ್ಚು ಕಡಿಮೆ ಒಣಗಿಯೇ ಇರುತ್ತದೆ. ಬೀದಿ ಒಂದೇ, ರಾತ್ರಿ ಒಂದೇ, ಗಾಳಿಯೂ ಒಂದೇ. ಹಾಗಾದರೆ ಈ ವ್ಯತ್ಯಾಸ ಏಕೆ?

“ಇಬ್ಬನಿ ಮೇಲಿನಿಂದ ಬೀಳುತ್ತದೆ, ಮರ ತಡೆಯುತ್ತದೆ” ಎಂದು ಹೆಚ್ಚಿನವರು ಹೇಳುತ್ತಾರೆ. ಆದರೆ ಇಬ್ಬನಿ ಮಳೆಯ ಹಾಗೆ ಬೀಳುವುದಿಲ್ಲ. ಫ್ರಿಜ್ಜಿನಿಂದ ತೆಗೆದ ತಣ್ಣೀರನ್ನು ಲೋಟಕ್ಕೆ ಬಗ್ಗಿಸಿಟ್ಟರೆ ಲೋಟದ ಹೊರಮೈಯಲ್ಲಿ ಹನಿ ಮೂಡುತ್ತದಲ್ಲ, ಇದೂ ಹಾಗೆಯೇ. ಗಾಳಿಯಲ್ಲಿರುವ ನೀರಿನ ಆವಿ ತಣ್ಣಗಿನ ಮೈ ಸಿಕ್ಕಿದಲ್ಲಿ ಹನಿಗಟ್ಟುತ್ತದೆ. ಅಂದರೆ ಬಯಲಿನ ಸೀಟು ರಾತ್ರಿಯಲ್ಲಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಿತ್ತು, ಮರದಡಿಯದು ಅಷ್ಟು ತಣ್ಣಗಾಗಲಿಲ್ಲ. ಅದಕ್ಕೆ ಯಾರೂ ಮಂಜುಗಡ್ಡೆ ಇಡಲಿಲ್ಲ, ಫ್ಯಾನು ಹಾಕಲಿಲ್ಲ. ತನ್ನ ಬಿಸಿಯನ್ನು ಅದು ಎಲ್ಲಿಗೆ ಕಳಿಸಿತು?

ಆಕಾಶಕ್ಕೆ. ಆಕಾಶವನ್ನೂ ದಾಟಿ, ನಕ್ಷತ್ರಗಳ ನಡುವಿನ ಖಾಲಿ ಜಾಗಕ್ಕೆ.

ಇದು ಕಥೆಯಲ್ಲ. ಶಾಖದ ಸಾಗಾಟವನ್ನು ಅಭ್ಯಾಸ ಮಾಡುವ ಎಂಜಿನಿಯರುಗಳು ಕಳೆದ ಹತ್ತು ಹನ್ನೆರಡು ವರ್ಷಗಳಿಂದ ಬಹಳ ತಲೆ ಕೆಡಿಸಿಕೊಂಡಿರುವ ಒಂದು ವಿಷಯದ ಬೀಜ ಈ ಸ್ಕೂಟರ್ ಸೀಟಿನಲ್ಲೇ ಇದೆ. ರಾತ್ರಿ ತಾನಾಗಿ ನಡೆಯುವ ಈ ತಂಪಾಗುವಿಕೆಯನ್ನು ಮಟಮಟ ಮಧ್ಯಾಹ್ನದ ಬಿಸಿಲಿನಲ್ಲೂ ನಡೆಸಬಹುದೇ ಎಂಬುದು ಅವರ ಪ್ರಶ್ನೆ. ವಿದ್ಯುತ್ ಬೇಡ, ನೀರೂ ಬೇಡ.

ಶಾಖ ಮೂರು ಬಗೆಯಲ್ಲಿ ಸಾಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೀರಿ. ಕಾದ ದೋಸೆ ಕಾವಲಿಯಿಂದ ದೋಸೆಗೆ ಹೋಗುವುದು ವಹನ. ಬಚ್ಚಲ ಹಂಡೆಯಲ್ಲಿ ಅಡಿಯ ಬಿಸಿ ನೀರು ಮೇಲೆದ್ದು ಮೇಲಿನ ತಣ್ಣೀರು ಕೆಳಗಿಳಿಯುವುದು ಸಂವಹನ. ಒಲೆಯ ಮುಂದೆ ಕೂತ ಅಜ್ಜಿಯ ಮುಖಕ್ಕೆ ಕೆಂಡದ ಝಳ ತಾಗುವುದು ವಿಕಿರಣ. ಮೊದಲ ಎರಡಕ್ಕೆ ನಡುವೆ ಏನಾದರೂ ವಸ್ತು ಬೇಕು. ಮೂರನೆಯದಕ್ಕೆ ಏನೂ ಬೇಡ. ಸೂರ್ಯನ ಶಾಖ ನಮಗೆ ತಲುಪುವುದೇ ಹೀಗೆ.

ಪಾಠದಲ್ಲಿ ಅಷ್ಟಾಗಿ ಒತ್ತಿ ಹೇಳದ ಮಾತೊಂದಿದೆ. ವಿಕಿರಣವನ್ನು ಸೂಸುವುದು ಕೆಂಡ, ಸೂರ್ಯ ಮಾತ್ರವಲ್ಲ, ಎಲ್ಲವೂ ಸೂಸುತ್ತವೆ. ನೀವು, ನಾನು, ಗೋಡೆ, ಬೆಕ್ಕು, ಸ್ಕೂಟರಿನ ಸೀಟು, ಎಲ್ಲವೂ. ನಮ್ಮದು ಕಣ್ಣಿಗೆ ಕಾಣದ ಅವಗೆಂಪು ಕಿರಣ, ಅಷ್ಟೇ. ಜ್ವರ ಬಂದಾಗ ಮುಟ್ಟದೆಯೇ ಹಣೆಯ ಉಷ್ಣಾಂಶ ಅಳೆಯುವ ಪಿಸ್ತೂಲಿನಂಥ ಥರ್ಮಾಮೀಟರನ್ನು ಕೋವಿಡ್ ಕಾಲದಲ್ಲಿ ಎಲ್ಲರೂ ಕಂಡಿದ್ದೇವೆ. ಅದು ಓದುವುದು ಈ ಕಿರಣವನ್ನೇ.

ಕೋಣೆಯೊಳಗೆ ನಾವು ಗೋಡೆಗೆ ಕೊಡುತ್ತೇವೆ, ಗೋಡೆ ನಮಗೆ ಕೊಡುತ್ತದೆ. ಕೊಟ್ಟಿದ್ದಕ್ಕೂ ಪಡೆದದ್ದಕ್ಕೂ ಸರಿಹೋಗುತ್ತದೆ. ಬಯಲಿನಲ್ಲಿ ಹಾಗಲ್ಲ. ಮೇಲೆ ಇರುವುದು ಗಾಳಿ, ಅದರಾಚೆ ಶೂನ್ಯದ ಕೆಳಗೆ ಸುಮಾರು 270 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಿರುವ ಅಂತರಿಕ್ಷ. ಗಾಳಿಯಲ್ಲಿರುವ ನೀರಾವಿ, ಇಂಗಾಲದ ಡೈಆಕ್ಸೈಡ್ ಮುಂತಾದವು ಅವಗೆಂಪು ಕಿರಣಗಳಲ್ಲಿ ಬಹುಪಾಲನ್ನು ಹಿಡಿದು ಮತ್ತೆ ನೆಲದ ಕಡೆಗೇ ಕಳಿಸುತ್ತವೆ. ಆದರೆ 8ರಿಂದ 13 ಮೈಕ್ರಾನ್ ಅಲೆಯುದ್ದದ ಕಿರಣಗಳಿಗೆ ಮಾತ್ರ ಗಾಳಿ ಹೆಚ್ಚುಕಡಿಮೆ ತೆರೆದ ಕಿಟಕಿ. ನಮ್ಮ ಮನೆ ತಾರಸಿಯಂಥ ಸಾಧಾರಣ ಬಿಸಿಯ ವಸ್ತುಗಳು ಅತಿ ಹೆಚ್ಚು ಸೂಸುವುದೂ ಸುಮಾರು 10 ಮೈಕ್ರಾನ್ ಆಸುಪಾಸಿನಲ್ಲೇ. ಇದನ್ನು ಓದಿದಾಗ ನನಗೆ ಎರಡು ದಿನ ಬೇರೆ ಏನೂ ತೋಚಲಿಲ್ಲ. ಕಿಟಕಿ ಇರುವ ಜಾಗಕ್ಕೂ ನಮ್ಮ ಬಿಸಿ ಹೊರಡುವ ಜಾಗಕ್ಕೂ ಎಷ್ಟು ಸರಿಯಾಗಿ ಹೊಂದಿಕೆಯಾಗಿದೆ ನೋಡಿ!

ಬಯಲಿನ ಸೀಟು ಆ ಕಿಟಕಿಯ ಮೂಲಕ ಬಿಸಿಯನ್ನು ಹೊರಗೆ ಕಳಿಸಿತು. ಮರದಡಿಯ ಸೀಟಿಗೆ ಕಾಣುತ್ತಿದ್ದದ್ದು ಆಕಾಶವಲ್ಲ, ಎಲೆಗಳು. ಎಲೆಗಳು ಸೀಟಿನಷ್ಟೇ ಬೆಚ್ಚಗಿದ್ದವು, ಕೊಟ್ಟದ್ದನ್ನು ಹಿಂದಿರುಗಿಸುತ್ತಿದ್ದವು. ಬಿಸಿಲ ನಾಡಾದ ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಜನ ಮಾಳಿಗೆಯ ಮೇಲೆ ಮಲಗುತ್ತಿದ್ದುದು ಬರೀ ಗಾಳಿಗಾಗಿ ಎಂದು ನಾವು ತಿಳಿದಿದ್ದೇವೆ. ಗಾಳಿ ಬೀಸದ ರಾತ್ರಿಯಲ್ಲೂ ಅಲ್ಲಿ ತಂಪೆನಿಸುವುದಕ್ಕೆ ಕಾರಣ, ಮೈ ಆಕಾಶವನ್ನು ನೋಡುತ್ತಿರುತ್ತದೆ.

ಈ ವಿದ್ಯೆಯನ್ನು ನಮ್ಮ ದೇಶದವರು ಹಿಂದೆಯೇ ದುಡಿಸಿಕೊಂಡಿದ್ದರು. 1775ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಸರ್ ರಾಬರ್ಟ್ ಬಾರ್ಕರ್ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಲಹಾಬಾದಿನ ಮಂಜುಗಡ್ಡೆಯ ಬಗ್ಗೆ ಬರೆದ. ಕೆರೆ ಹೊಂಡಗಳಲ್ಲಿ ನೀರು ತಾನಾಗಿ ಹೆಪ್ಪುಗಟ್ಟದ ಊರಿನಲ್ಲಿ ಅಲ್ಲಿನ ಕೆಲಸಗಾರರು ಚಳಿಗಾಲದಲ್ಲಿ ಮಂಜುಗಡ್ಡೆ ತಯಾರಿಸುತ್ತಿದ್ದರು. ಬಯಲಿನಲ್ಲಿ ಸುಮಾರು ಮೂವತ್ತು ಅಡಿ ಉದ್ದಗಲದ, ಎರಡು ಅಡಿ ಆಳದ ಗುಂಡಿ ತೋಡಿ, ತಳಕ್ಕೆ ಒಣಗಿದ ಕಬ್ಬಿನ ಅಥವಾ ಜೋಳದ ದಂಟನ್ನು ದಪ್ಪಗೆ ಹಾಸುತ್ತಿದ್ದರು. ಅದರ ಮೇಲೆ ಸಾಲಾಗಿ ತೆಳುವಾದ, ಅಗಲ ಬಾಯಿಯ ಚಿಕ್ಕ ಚಿಕ್ಕ ಮಣ್ಣಿನ ತಟ್ಟೆಗಳು. ಮುಸ್ಸಂಜೆಗೆ ಕುದಿಸಿ ಆರಿಸಿದ ನೀರು ತುಂಬಿಸಿಟ್ಟರೆ, ಸೂರ್ಯ ಹುಟ್ಟುವ ಮೊದಲೇ ಬಂದು ಮಂಜುಗಡ್ಡೆಯನ್ನು ಕಿತ್ತು ಬುಟ್ಟಿಗೆ ತುಂಬಬಹುದಿತ್ತು. ಮೋಡ ಕವಿದ ರಾತ್ರಿ, ಗಾಳಿ ಬೀಸುವ ರಾತ್ರಿ ಕೆಲಸ ಆಗುತ್ತಿರಲಿಲ್ಲ.

ದಂಟಿನ ಹಾಸು ನೆಲದ ಬಿಸಿ ಮೇಲೆ ಬರದಂತೆ ತಡೆಯುತ್ತಿತ್ತು; ಅಂದರೆ ವಹನಕ್ಕೆ ಬೀಗ. ಗುಂಡಿಯೊಳಗೆ ಗಾಳಿ ಸುಳಿಯುತ್ತಿರಲಿಲ್ಲ, ಸಂವಹನಕ್ಕೂ ಬೀಗ. ತೆರೆದಿದ್ದ ಬಾಗಿಲು ಒಂದೇ, ಆಕಾಶದ್ದು. ಪುಸ್ತಕ ಓದದ ಆ ಕೆಲಸಗಾರರ ಹೆಸರುಗಳು ಎಲ್ಲೂ ದಾಖಲಾಗಲಿಲ್ಲ. ನನಗೆ ಇದು ಇಂದಿಗೂ ಬೇಸರದ ವಿಷಯ.

ಕಾರಣವನ್ನು ಬಿಡಿಸಿ ಹೇಳಿದವನು ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ಲಂಡನ್ನಿನ ವೈದ್ಯ. 1814ರಲ್ಲಿ ಆತ ಇಬ್ಬನಿಯ ಮೇಲೆ ಒಂದು ಪುಸ್ತಕವನ್ನೇ ಬರೆದ. ಇಬ್ಬನಿ ಕೂರುವುದರಿಂದ ಹುಲ್ಲು ತಣ್ಣಗಾಗುವುದಲ್ಲ, ಹುಲ್ಲು ಮೊದಲು ತಣ್ಣಗಾಗಿ ಆಮೇಲೆ ಇಬ್ಬನಿ ಕೂರುತ್ತದೆ ಎಂದು ರಾತ್ರಿಯಿಡೀ ಥರ್ಮಾಮೀಟರ್ ಹಿಡಿದು ಕೂತು ತೋರಿಸಿದ. ಬಂಗಾಳದ ಮಂಜುಗಡ್ಡೆಗೂ ಇದೇ ಕಾರಣ ಎಂದು ವಾದಿಸಿದ. ಅವನು ಮಾಡಿದ ಒಂದು ಪುಟ್ಟ ಪರೀಕ್ಷೆಯನ್ನು ಕೊನೆಯಲ್ಲಿ ಹೇಳುತ್ತೇನೆ, ನೀವೂ ಮಾಡಬಹುದು.

ರಾತ್ರಿಯ ಕಥೆ ಹೀಗೆ ತಿಳಿಯಿತು. ಹಗಲು ತಾನೇ ನಮಗೆ ತಂಪು ಬೇಕಾದದ್ದು? ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಾದ್ದರಿಂದ ನನಗೆ ಜಮಾ ಖರ್ಚಿನ ಭಾಷೆಯೇ ಸಲೀಸು. ನಡು ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರ್ ತಾರಸಿಯ ಮೇಲೆ ಸುಮಾರು 1000 ವ್ಯಾಟ್ ಸುರಿಯುತ್ತದೆ. ಒಣ ಹವೆಯ ಶುಭ್ರ ಆಕಾಶವಿದ್ದರೆ, ಅದೇ ಒಂದು ಚದರ ಮೀಟರ್ ಕಿಟಕಿಯ ಮೂಲಕ ಹೊರಗೆ ಕಳಿಸಬಲ್ಲದ್ದು ನಿವ್ವಳ 100 ವ್ಯಾಟ್‌ನಷ್ಟು. ಕಪ್ಪು ತಾರಸಿ ಬಿಸಿಲಿನಲ್ಲಿ 900 ವ್ಯಾಟ್ ನುಂಗಿದರೆ 100 ಹೊರಗೆ ಹೋಗಿಯೂ 800 ಉಳಿಯಿತು; ಕಾಲಿಡಲಾಗದಷ್ಟು ಸುಡುತ್ತದೆ. ಅಂಗಡಿಯ ಬಿಳಿ ಬಣ್ಣ ಬಳಿದರೆ ಬಿಸಿಲಿನಲ್ಲಿ ನೂರಕ್ಕೆ 80ರಿಂದ 90 ಪಾಲು ಹಿಂದಕ್ಕೆ ಹೋಗುತ್ತದೆ. 85 ಎಂದಿಟ್ಟುಕೊಳ್ಳಿ. ನುಂಗಿದ್ದು 150, ಕಳಿಸಿದ್ದು 100. ಎಷ್ಟೋ ವಾಸಿ, ಆದರೂ 50 ಉಳಿಯಿತು. ತಾರಸಿ ಗಾಳಿಗಿಂತ ಸ್ವಲ್ಪ ಬಿಸಿಯಾಗಿಯೇ ಇರುತ್ತದೆ.

ಈಗ 97 ಪಾಲು ಹಿಂದಕ್ಕೆ ಹೋಗುವ ಹಾಗಾದರೆ? ನುಂಗಿದ್ದು 30, ಕಳಿಸಿದ್ದು 100. ಖಾತೆ ತಿರುಗಿಬಿಟ್ಟಿತು! ಬಿಸಿಲಲ್ಲಿ ನಿಂತೇ ತಾರಸಿ ಗಾಳಿಗಿಂತ ತಣ್ಣಗಾಗತೊಡಗುತ್ತದೆ. 85ರಿಂದ 97ಕ್ಕೆ ಹೋಗುವುದು ಬರೀ ಹನ್ನೆರಡು ಅಂಕದ ಮಾತಲ್ಲ ಎಂದು ಇದರಿಂದ ತಿಳಿಯುತ್ತದೆ. ಅಷ್ಟೇ ಸಾಲದು, ಆ ವಸ್ತು ಬಿಸಿಲಿಗೆ ಕನ್ನಡಿಯಂತೆಯೂ, 8ರಿಂದ 13 ಮೈಕ್ರಾನಿನ ಕಿರಣಕ್ಕೆ ಕೆಂಡದಂತೆಯೂ ನಡೆದುಕೊಳ್ಳಬೇಕು. ಹೊಳೆಯುವ ಅಲ್ಯೂಮಿನಿಯಂ ತಗಡು ಮೊದಲನೆಯದನ್ನು ಮಾಡುತ್ತದೆ, ಎರಡನೆಯದರಲ್ಲಿ ಸೋಲುತ್ತದೆ.

2014ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್‌ಹುಯಿ ಫಾನ್, ಆಶ್ವತ್ ರಾಮನ್ ಮತ್ತು ಜೊತೆಗಾರರು ಇದನ್ನು ಸಾಧಿಸಿ ತೋರಿಸಿದರು. ಬೆಳ್ಳಿಯ ಲೇಪದ ಮೇಲೆ ಹಾಫ್ನಿಯಂ ಆಕ್ಸೈಡ್ ಮತ್ತು ಸಿಲಿಕಾದ ಏಳು ಪದರಗಳು. ಎಲ್ಲ ಸೇರಿದರೂ ದಪ್ಪ 2 ಮೈಕ್ರಾನಿಗಿಂತ ಕಡಿಮೆ. ನಮ್ಮ ತಲೆಗೂದಲು ಇದಕ್ಕಿಂತ ಹಲವಾರು ಪಟ್ಟು ದಪ್ಪ. ಬಿಸಿಲಿನ 97 ಪಾಲನ್ನು ಅದು ಹಿಂದಕ್ಕೆ ಕಳಿಸಿತು. ಮಾಳಿಗೆಯ ಮೇಲೆ ನೇರ ಬಿಸಿಲಿಗೆ ಇಟ್ಟಾಗ ಸುತ್ತಲಿನ ಗಾಳಿಗಿಂತ 4.9 ಡಿಗ್ರಿ ಸೆಲ್ಸಿಯಸ್ ತಣ್ಣಗಾಯಿತು. ಸಂಶೋಧನೆಗಳ ಹೆಸರಾಂತ ಪತ್ರಿಕೆ ‘ನೇಚರ್’ ಅದನ್ನು ಪ್ರಕಟಿಸಿತು.

ಈ ರಾಮನ್ ಅವರ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಈ ಪತ್ರಿಕೆಯನ್ನು ಅಜ್ಜ ಅಜ್ಜಿಯರೂ ಮೊಮ್ಮಕ್ಕಳೂ ಓದುತ್ತಾರೆ. ಕೆನಡಾದಲ್ಲಿ ಬೆಳೆದ ಅವರು ಬೇಸಿಗೆ ರಜೆಗೆ ಮುಂಬಯಿಯ ಅಜ್ಜ ಅಜ್ಜಿಯ ಮನೆಗೆ ಬರುತ್ತಿದ್ದರಂತೆ. ಅಲ್ಲಿನ ಸೆಕೆಗೆ ನಿದ್ದೆ ಬಾರದೆ, ಎಸಿ ಹಾಕಿಸಿ ಎಂದು ದುಂಬಾಲು ಬಿದ್ದರೂ ಹಿರಿಯರು ಒಪ್ಪಲಿಲ್ಲವಂತೆ. 2018ರ ಒಂದು ಭಾಷಣದಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಎಸಿ ಬೇಡವೆಂದ ಹಿರಿಯರ ಪಕ್ಷ ವಹಿಸಬೇಕೋ, ಬೆವೆತ ಹುಡುಗನ ಪಕ್ಷ ವಹಿಸಬೇಕೋ, ನನಗಿನ್ನೂ ತೀರ್ಮಾನವಾಗಿಲ್ಲ. ಇಡೀ ಜಗತ್ತಿನ ವಿದ್ಯುತ್ತಿನಲ್ಲಿ ಸುಮಾರು ಹತ್ತನೇ ಒಂದು ಪಾಲು ಎಸಿ ಮತ್ತು ಫ್ಯಾನುಗಳಿಗೇ ಹೋಗುತ್ತದೆ. ಎಸಿ ಮನೆಯೊಳಗಿನ ಬಿಸಿಯನ್ನು ತೆಗೆದು ಬೀದಿಗೆ ಚೆಲ್ಲುತ್ತದೆ. ಪಕ್ಕದಲ್ಲಿ ತಗಡಿನ ಸೂರಿನ ಮನೆಯಿದ್ದರೆ, ಆ ಬಿಸಿಯೂ ಅವರ ಪಾಲಿಗೇ.

ಬೆಳ್ಳಿ, ಹಾಫ್ನಿಯಂ ಎಂದರೆ ಬಡವರ ಮನೆಗೆ ಆಗುವ ಮಾತಲ್ಲ. ಆಮೇಲಿನ ವರ್ಷಗಳ ಸಂಶೋಧನೆಯೆಲ್ಲ ಇದನ್ನು ಅಗ್ಗ ಮಾಡುವ ಕಡೆಗೇ ಹೊರಳಿತು. 2017ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದವರು ಸಣ್ಣ ಗಾಜಿನ ಗೋಲಿಗಳನ್ನು ಬೆರೆಸಿದ, ಬಟ್ಟೆಯ ಥಾನಿನಂತೆ ಸುತ್ತಿಡಬಹುದಾದ ಪ್ಲಾಸ್ಟಿಕ್ ಹಾಳೆ ಮಾಡಿದರು. 2018ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಜ್ಯೋತಿರ್ಮಯ್ ಮಂಡಲ್ ಮತ್ತಿತರರು ಬಣ್ಣದ ಹಾಗೆ ಬಳಿಯಬಹುದಾದ, ಒಣಗಿದ ಮೇಲೆ ಒಳಗೆಲ್ಲ ಗಾಳಿಯ ಗುಳ್ಳೆಗಳು ಉಳಿಯುವ ಲೇಪ ತಯಾರಿಸಿದರು. ಗುಳ್ಳೆಗಳೇ ಬೆಳಕನ್ನು ಚದುರಿಸುತ್ತವೆ. ಮೊಟ್ಟೆಯ ಬಿಳಿಯನ್ನು ಕಡೆದಾಗ ನೊರೆ ಬೆಳ್ಳಗೆ ಕಾಣುವುದೂ ಅದರಿಂದಲೇ.

ಎಲ್ಲಕ್ಕಿಂತ ಜನಪ್ರಿಯವಾದದ್ದು ಪರ್ಡ್ಯೂ ವಿಶ್ವವಿದ್ಯಾಲಯದ ಶಿಯುಲಿನ್ ರುವಾನ್ ತಂಡದ ಬಿಳಿ ಬಣ್ಣ. ಅಂಗಡಿಯ ಬಿಳಿ ಬಣ್ಣದಲ್ಲಿರುವುದು ಟೈಟಾನಿಯಂ ಡೈಆಕ್ಸೈಡ್. ಕಣ್ಣಿಗೆ ಅದು ಬೆಳ್ಳಗೆ ಕಂಡರೂ ಬಿಸಿಲಿನ ಅತಿನೇರಳೆ ಕಿರಣವನ್ನು ನುಂಗುತ್ತದೆ, ಅಲ್ಲೇ ಸೋರಿಕೆ. ಆದ್ದರಿಂದ 2020ರಲ್ಲಿ ಅವರು ಕ್ಯಾಲ್ಸಿಯಂ ಕಾರ್ಬೊನೇಟ್ ಹಾಕಿ ನೋಡಿದರು, 95.5 ಪಾಲು ಬಂತು. ಮರುವರ್ಷ ಬೇರಿಯಂ ಸಲ್ಫೇಟ್ ಹಾಕಿದರು, 98.1 ಬಂತು. ಜಗತ್ತಿನ ಅತ್ಯಂತ ಬಿಳಿಯ ಬಣ್ಣವೆಂದು ಗಿನ್ನೆಸ್ ದಾಖಲೆಗೂ ಸೇರಿತು. ನಡು ಮಧ್ಯಾಹ್ನ ಗಾಳಿಗಿಂತ ನಾಲ್ಕೂವರೆ ಡಿಗ್ರಿ, ರಾತ್ರಿ ಹತ್ತು ಡಿಗ್ರಿಗೂ ಹೆಚ್ಚು ತಣ್ಣಗೆ ಉಳಿಯಿತು. ಒಂದು ಚದರ ಮೀಟರಿಗೆ ಸರಾಸರಿ 117 ವ್ಯಾಟ್ ಬಿಸಿಯನ್ನು ಹೊರಹಾಕಿತು.

ಈ ಎರಡು ವಸ್ತುಗಳೂ ನಮಗೆ ಹೊಸಬರಲ್ಲ. ಹೊಟ್ಟೆಯ ಎಕ್ಸ್‌ರೇ ತೆಗೆಯುವ ಮೊದಲು ಕುಡಿಸುತ್ತಾರಲ್ಲ, ಸುಣ್ಣದ ತಿಳಿಯಂಥ ‘ಬೇರಿಯಂ ಮೀಲ್’, ಅದೇ ಬೇರಿಯಂ ಸಲ್ಫೇಟ್. ಕುಡಿದ ಅಜ್ಜಂದಿರಿಗೆ ಅದರ ರುಚಿ ನೆನಪಿದ್ದೀತು. ಇನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಎಂದರೆ ಸುಣ್ಣದಕಲ್ಲು. ಹಬ್ಬಕ್ಕೆ ಗೋಡೆಗೆ ಬಳಿದ ಸುಣ್ಣ ಗಾಳಿಯಲ್ಲಿ ಒಣಗುತ್ತ ಇಂಗಾಲದ ಡೈಆಕ್ಸೈಡನ್ನು ಹೀರಿ ಕೊನೆಗೆ ಆಗುವುದೂ ಕ್ಯಾಲ್ಸಿಯಂ ಕಾರ್ಬೊನೇಟೇ. ಹಾಗೆಂದು ನಮ್ಮ ಸುಣ್ಣವೇ ಪರ್ಡ್ಯೂ ಬಣ್ಣ ಎಂದು ಎದೆ ತಟ್ಟಿಕೊಳ್ಳಬಾರದು. ಅವರ ಬಣ್ಣದ ಗುಟ್ಟು ಇರುವುದು ಕಣಗಳ ಗಾತ್ರದಲ್ಲಿ. ಬಿಸಿಲಿನಲ್ಲಿ ಬೇರೆ ಬೇರೆ ಅಲೆಯುದ್ದದ ಕಿರಣಗಳಿವೆ. ಒಂದೊಂದನ್ನು ಚದುರಿಸಲು ಒಂದೊಂದು ಗಾತ್ರದ ಕಣ ಬೇಕು. ಅದಕ್ಕೇ ಸಣ್ಣ ದೊಡ್ಡ ಕಣಗಳನ್ನು ಬೆರೆಸಿ, ಒತ್ತೊತ್ತಾಗಿ ತುಂಬಿ, ಸುಮಾರು 400 ಮೈಕ್ರಾನ್ ದಪ್ಪಕ್ಕೆ ಬಳಿದರು. ವಿಮಾನ, ಕಾರುಗಳಿಗೆ ಅಷ್ಟು ದಪ್ಪ ಭಾರವೆಂದು ಬೋರಾನ್ ನೈಟ್ರೈಡ್ ಬಳಸಿ 150 ಮೈಕ್ರಾನಿಗೆ ಇಳಿಸಿದ ಬಣ್ಣವೂ ಆಮೇಲೆ ಬಂತು.

ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಈ ಕೆಲಸ ನಡೆದಿದೆ. ಬಿವಾಸ್ ಸಾಹಾ ಅವರ ತಂಡ ಮೆಗ್ನೀಸಿಯಂ ಆಕ್ಸೈಡ್ ಕಣಗಳನ್ನು ಪಾಲಿಮರಿನಲ್ಲಿ ಬೆರೆಸಿ ಒಂದು ಬಿಳಿ ಬಣ್ಣ ಮಾಡಿದೆ. ಪಾದಚಾರಿ ಹಾದಿಯ ಕಲ್ಲಿಗೆ ಬಳಿದಾಗ ಸುಡುಬಿಸಿಲಿನಲ್ಲಿ ಅದರ ಮೈಯ ಉಷ್ಣಾಂಶ ಸುಮಾರು 10 ಡಿಗ್ರಿ ಇಳಿಯಿತು. ನೀರು ಅದಕ್ಕೆ ಅಂಟುವುದಿಲ್ಲ, ಮಳೆಗೆ ತೊಳೆದುಹೋಗುವ ಭಯ ಕಡಿಮೆ.

ಇನ್ನು ಇದರ ಮಿತಿಗಳು. ಕಿಟಕಿಗೆ ಪರದೆ ಎಳೆಯುವುದು ನೀರಾವಿ. ಮಂಗಳೂರು, ಉಡುಪಿ, ಕಾರವಾರದ ಬೆವರಿಳಿಯುವ ಸೆಕೆಯಲ್ಲಿ, ಮೋಡ ಮುಸುಕಿದ ದಿನಗಳಲ್ಲಿ ಲಾಭ ಇಳಿದುಹೋಗುತ್ತದೆ. ಬಿಸಿಲನ್ನು ಹಿಂದಕ್ಕಟ್ಟುವ ಲಾಭ ಮಾತ್ರ ಉಳಿಯುತ್ತದೆ. ಒಣ ಹವೆಯ ರಾಯಚೂರು, ಬಳ್ಳಾರಿ ಕಡೆಗೆ ಇದು ಹೇಳಿ ಮಾಡಿಸಿದ್ದು. ಧೂಳು ಇನ್ನೊಂದು ಶತ್ರು. 97 ಪಾಲಿನ ಬಣ್ಣದ ಮೇಲೆ ರಸ್ತೆ ಧೂಳು ಕೂತು 85ಕ್ಕೆ ಇಳಿದರೆ ಖಾತೆ ಮತ್ತೆ ಹಳೆಯ ಜಾಗಕ್ಕೇ ಬಂತು. ವರ್ಷಕ್ಕೊಮ್ಮೆಯಾದರೂ ತಾರಸಿ ತೊಳೆಯಬೇಕು, ಬೇಸಿಗೆಗೆ ಮುಂಚೆ. ಚಳಿ ದೇಶಗಳಲ್ಲಿ ಬೇರೆಯೇ ತಕರಾರು: ಮಾಗಿಯಲ್ಲಿ ಬೇಕಾದ ಬಿಸಿಯನ್ನೂ ಇದು ಆಕಾಶಕ್ಕೆ ಕಳಿಸಿಬಿಡುತ್ತದೆ, ಹೀಟರಿನ ಬಿಲ್ಲು ಏರುತ್ತದೆ. ನಮಗೆ ಆ ಚಿಂತೆ ಅಷ್ಟಾಗಿ ಇಲ್ಲ.

ಈ ಹೊಸ ಬಣ್ಣಗಳು ಅಂಗಡಿಗೆ ಬಂದು ಕೈಗೆಟಕುವ ತನಕ ಕಾಯಬೇಕಾಗಿಲ್ಲ. ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ: ಕಪ್ಪಿನ 800 ವ್ಯಾಟಿನಿಂದ ಸಾಧಾರಣ ಬಿಳಿಯ 50ಕ್ಕೆ ಇಳಿಯುವುದೇ ದೊಡ್ಡ ಜಿಗಿತ. 2013ರಿಂದ ಬಿಸಿಗಾಳಿಗೆ ಯೋಜನೆ ಮಾಡಿಕೊಂಡಿರುವ ಅಹಮದಾಬಾದಿನಲ್ಲಿ ಬಡಾವಣೆಗಳ ಸಾವಿರಾರು ಚಿಕ್ಕ ಮನೆಗಳ ಸೂರಿಗೆ ಬಿಳಿ ಬಳಿದಿದ್ದಾರೆ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಸೂರಿನ ನೀತಿಯನ್ನೇ ತಂದು, ಐದು ವರ್ಷಗಳಲ್ಲಿ 300 ಚದರ ಕಿಲೋಮೀಟರ್ ಸೂರು ಎಂಬ ಗುರಿ ಇಟ್ಟುಕೊಂಡಿದೆ. ನಮ್ಮಲ್ಲೂ ಶೀಟು ಹೊದಿಸಿದ ಅಂಗನವಾಡಿ, ಶಾಲೆಯ ಕೊಠಡಿಗಳಿಂದ ಶುರುಮಾಡಿದರೆ ಏನು ತಪ್ಪು? ಏಪ್ರಿಲಿನಲ್ಲಿ ಆ ಶೀಟುಗಳ ಕೆಳಗೆ ಕೂತು ಮಗ್ಗಿ ಹೇಳುವ ಮಕ್ಕಳ ಮುಖ ನೋಡಿದವರಿಗೆ ಇದು ಸಂಶೋಧನೆಯ ಮಾತಾಗಿ ಕೇಳಿಸುವುದಿಲ್ಲ.

ಮಕ್ಕಳಿಗೆ ಇಷ್ಟವಾಗುವ ಇನ್ನೊಂದು ಸುದ್ದಿ. 2019ರಲ್ಲಿ ಅದೇ ರಾಮನ್, ಫಾನ್ ಮತ್ತು ವೇಯ್ ಲಿ ಕತ್ತಲಿನಿಂದ ಬೆಳಕು ತೆಗೆದರು. ಕಪ್ಪು ಬಣ್ಣ ಬಳಿದ ಒಂದು ಅಲ್ಯೂಮಿನಿಯಂ ತಟ್ಟೆಯನ್ನು ರಾತ್ರಿ ಆಕಾಶಕ್ಕೆ ಮುಖ ಮಾಡಿ ಇಟ್ಟರು. ಅದು ಗಾಳಿಗಿಂತ ತಣ್ಣಗಾಯಿತು. ಅದರ ಹಿಂದೆ, ಒಂದು ಬದಿ ತಣ್ಣಗೆ ಇನ್ನೊಂದು ಬದಿ ಬೆಚ್ಚಗೆ ಇದ್ದರೆ ವಿದ್ಯುತ್ ಕೊಡುವ ಚಿಕ್ಕ ಬಿಲ್ಲೆ. ಸಿಕ್ಕಿದ್ದು ಚದರ ಮೀಟರಿಗೆ 25 ಮಿಲಿವ್ಯಾಟ್ ಮಾತ್ರ. ಆದರೂ ಒಂದು ಪುಟ್ಟ ಎಲ್‌ಇಡಿ ದೀಪ ಮಿಣುಕಿತು. ಸೌರಫಲಕ ಮಲಗುವ ಹೊತ್ತಿಗೆ ಎದ್ದು ಕೆಲಸ ಮಾಡುವ ಫಲಕ ಅದು.

ಈಗ ವೆಲ್ಸ್ ವೈದ್ಯನ ಪರೀಕ್ಷೆ. ಮೋಡವಿಲ್ಲದ, ಗಾಳಿಯಿಲ್ಲದ ಮಾಗಿಯ ರಾತ್ರಿ ಆರಿಸಿಕೊಳ್ಳಿ. ಅಂಗಳದ ಹುಲ್ಲಿನ ಮೇಲೆ, ಸುತ್ತ ಮರವಾಗಲಿ ಗೋಡೆಯಾಗಲಿ ಇಲ್ಲದ ಕಡೆ, ನಾಲ್ಕು ಕಡ್ಡಿ ನೆಟ್ಟು ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಅಜ್ಜನ ತೆಳು ಪಂಚೆಯ ಒಂದು ತುಂಡನ್ನು ಬಿಗಿಯಾಗಿ ಕಟ್ಟಿ. ಅಂಗಳವಿಲ್ಲದವರು ತಾರಸಿಯ ಮೇಲೆ, ಥರ್ಮಕೋಲಿನ ಹಾಳೆಯ ಮೇಲೆ ಒಂದೇ ಬಗೆಯ ಎರಡು ಪ್ಲಾಸ್ಟಿಕ್ ತಟ್ಟೆ ಇಟ್ಟು ಒಂದರ ಮೇಲೆ ಮಾತ್ರ ಬಟ್ಟೆ ಕಟ್ಟಬಹುದು. ಹಿರಿಯರೊಬ್ಬರು ಜೊತೆಗಿರಲಿ. ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಎರಡೂ ಕಡೆ ಬೆರಳು ಆಡಿಸಿ, ಎಲ್ಲಿ ಹೆಚ್ಚು ಒದ್ದೆಯಾಗುತ್ತದೆ ಎಂದು ದಿನಾಂಕ ಸಮೇತ ಬರೆದಿಟ್ಟುಕೊಳ್ಳಿ. ಮೋಡ ಕವಿದ ಒಂದು ರಾತ್ರಿಯೂ ಇದನ್ನೇ ಮಾಡಿ.